ಉಪ್ಪಿನ ಲೆಕ್ಕ

ಎಲುಬು ಕರಗಿಸುವುದು ನನ್ನ ಕೆಲಸವಾಗಿತ್ತು.
ತುರ್ಕು ಪಟ್ಟಣದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷ.

ಕಿವಿಯ ಗೂಡಿನ ಎಲುಬು
ಇಡೀ ಮೈಯಲ್ಲೇ ಗಟ್ಟಿ.
ಆಮ್ಲದಲ್ಲಿ ನೆನೆಹಾಕಿದರೆ ಮೆತ್ತಗಾಗಲು
ಒಂದು ಬಸುರಿನಷ್ಟು ಕಾಲ.
ಅವಸರ ಮಾಡಿದಿರೋ, ಒಳಗಿನ ಪೊರೆ ಹರಿದು
ಸತ್ತವರು ಕೊಟ್ಟುಹೋದದ್ದು ಮಣ್ಣುಪಾಲು.
ಆಮೇಲೆ ಕೂದಲಿಗಿಂತ ತೆಳ್ಳಗೆ ಕೊಯ್ದು
ಹತ್ತಕ್ಕೊಂದು ಬಿಲ್ಲೆಗೆ ಬಣ್ಣ ಕುಡಿಸಿ
ಗಾಜಿನ ಮೇಲೆ ಮಲಗಿಸಬೇಕು.
ಆಗ ಕಾಣುತ್ತದೆ
ಎರಡೂವರೆ ಸುತ್ತಿನ ಶಂಖ, ಮೂರು ಬಳೆ,
ಕಡಲೆಕಾಳಿನಷ್ಟು ಜಾಗದಲ್ಲಿ ಉಪ್ಪುನೀರು.

ಡಾಕ್ಟರ್ ಐಲಿ ಕೈತರಂತ ಬಂದಾಗ ಅವರಿಗೆ ಇಪ್ಪತ್ತೊಂಬತ್ತು.
ಹೃದಯಕ್ಕೆ ಹೋಗು, ಕಿವಿಯಲ್ಲೇನಿದೆ, ಅಂದಿದ್ದರಂತೆ ಗುರುಗಳು.
ಹೃದಯಕ್ಕೆ ಕಿವಿಗೊಡುವವರು ಬೇಕಾದಷ್ಟಿದ್ದಾರೆ,
ಕಿವಿಗೆ ಯಾರು, ಅಂದರಂತೆ ಇವರು.
ಜಂಭದ ಮಾತು. ಇವರೇ ಆಮೇಲೆ ನಗುತ್ತಿದ್ದರು.

ತ್ಯೂನೆ ಪೆಲ್ಟೋಮಾ ಬಂದದ್ದು ಆ ವರ್ಷವೇ.
ಹಡಗುಕಟ್ಟೆಯ ಕ್ರೇನಿನವಳು.
ನಲವತ್ತು ಮೀಟರ್ ಮೇಲಿನ ಗೂಡಲ್ಲಿ ಕೂತು
ಹಡಗಿಗೆ ಪಕ್ಕೆಲುಬು ಜೋಡಿಸುತ್ತಿದ್ದಳು.
ಒಂದು ಬೆಳಿಗ್ಗೆ ಎಡಗಿವಿಯಲ್ಲಿ ತಿದಿ ಒತ್ತಿದ ಸದ್ದು,
ಆಕಾಶ ಬುಗುರಿ.
ಹಿಡಿ ಬಿಡಲಿಲ್ಲ. ಕೆಳಗೆ ಜನ ಇದ್ದರು.
ಆರು ಟನ್ ಕಬ್ಬಿಣವನ್ನು
ತೊಟ್ಟಿಲಿಗೆ ಮಗು ಇಳಿಸಿದ ಹಾಗೆ ಇಳಿಸಿ
ಆಮೇಲೆ ವಾಂತಿ ಮಾಡಿಕೊಂಡಳು.

ಒಳಗಿನ ನೀರು ಉಬ್ಬುತ್ತದೆ,
ಪೊರೆ ಬಿರಿಯುತ್ತದೆ, ಲೋಕ ಗಿರಗಿರ ಅನ್ನುತ್ತದೆ.
ಉಬ್ಬೇ ರೋಗ. ಉಪ್ಪು ಬಿಡಿ,
ಅಂದರು ಡಾಕ್ಟರ್.
ಅದನ್ನೇ ಬರೆದರು, ಅದರಿಂದಲೇ ಹೆಸರಾಯಿತು,
ದೂರದ ಊರುಗಳಿಂದ ಕರೆ ಬಂತು.

ತ್ಯೂನೆ ಬಿಟ್ಟಳು. ಮೊದಲು ಕ್ರೇನು,
ಆಮೇಲೆ ಉಪ್ಪುಹಾಕಿದ ಸಿಲಕ್ಕ ಮೀನು.
ಬಂದರಿನ ಬದಿಯ ಮನೆ, ಅಪ್ಪ ಬೆಸ್ತ,
ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.
ನಟ್ಟು ಬೋಲ್ಟು ಎಣಿಸಿಕೊಡುವ ಕಟ್ಟೆಯ ಹಿಂದೆ ಕೂತು
ನೋಟುಬುಕ್ಕಿನಲ್ಲಿ ಬರೆದಳು, ತಿಂದ ಉಪ್ಪು, ಬಿದ್ದ ದಿನ.
ಎರಡಕ್ಕೂ ತಾಳೆಯಾಗಲಿಲ್ಲ. ಆದರೂ ಬರೆದಳು.
ಹನ್ನೆರಡನೇ ವರ್ಷ ಸುತ್ತು ತಾನಾಗಿ ನಿಂತಿತು,
ಎಡಗಿವಿ ಅಷ್ಟರಲ್ಲಿ ಕಲ್ಲು.
ಉಪ್ಪು ಬಿಟ್ಟದ್ದಕ್ಕೇ, ಅಂದರು ಡಾಕ್ಟರ್.
ಇರಬಹುದು, ಅಂದಳು ತ್ಯೂನೆ,
ಅಥವಾ ಅದಕ್ಕೂ ಬೇಜಾರು ಬಂದಿರಬಹುದು.

ದಾನದ ಪತ್ರಕ್ಕೆ ಸಹಿ ಹಾಕುವಾಗ
ಬಲಗಿವಿಯನ್ನೂ ಸೇರಿಸಿದಳು.
ಪಾಪದ್ದು, ಒಂದು ದಿನವೂ ತಂಟೆ ಮಾಡಿಲ್ಲ,
ಜೊತೆಗಿರಲಿ.

ಅವಳು ಹೋದ ಮರುವರ್ಷದ ಜನವರಿ.
ಎರಡೂ ಕಿವಿ ಮೇಜಿನ ಮೇಲೆ.
ಕಿಟಕಿಯಲ್ಲಿ ಮೂರೂವರೆಗೇ ಕತ್ತಲು.
ಡಾಕ್ಟರ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ
ಎಡ ಬಲ ಅದಲುಬದಲಾಗಿಲ್ಲ ತಾನೇ, ಅಂದರು.
ಅಷ್ಟು ವರ್ಷಗಳಲ್ಲಿ ನನ್ನ ಕೈಯ ಮೇಲೆ
ಅದೊಂದೇ ಅನುಮಾನ.
ಇಲ್ಲ, ಅಂದೆ.
ಎರಡೂ ಒಂದೇ ಹಾಗೆ ಉಬ್ಬಿದ್ದವು.
ಬಲಗಿವಿ, ತಂಟೆಯಿಲ್ಲದ್ದು,
ಒಂದು ಕೂದಲು ಹೆಚ್ಚೇ.

ಬೀಗದ ಕೈ ತೆಗೆದುಕೊಂಡರು.
ಯಾರೂ ತೆರೆಯದ ಕಪಾಟು, ನೆಟ್ಟಗಿದ್ದವರ ಕಿವಿಗಳದ್ದು,
ಏಪ್ರಿಲ್‌ವರೆಗೆ ಒಂದೊಂದೇ ನೋಡಿದರು.
ಉಬ್ಬಿದವು ಹನ್ನೊಂದು.
ಹನ್ನೊಂದು ಜನ, ಜೀವಮಾನದಲ್ಲಿ ಒಮ್ಮೆಯೂ
ಗೋಡೆ ಹಿಡಿಯದವರು.

ಒಂದು ಮಧ್ಯಾಹ್ನ ಮಾರುಕಟ್ಟೆಯಿಂದ ಪೊಟ್ಟಣ ತಂದರು.
ಸಿಲಕ್ಕ. ನೆಲಮಾಳಿಗೆಯಲ್ಲಿ ತಿನ್ನುವ ಹಾಗಿಲ್ಲ, ನಿಯಮ.
ನಿಂತೇ ತಿಂದೆವು, ಮಾತಿಲ್ಲದೆ.
ಬಹಳ ಉಪ್ಪಿತ್ತು.
ಮೂವತ್ತು ವರ್ಷ ಅವಳ ಬಾಯಿಂದ ಕಿತ್ತುಕೊಂಡೆ,
ಅಂದರು, ಕೈ ಒರೆಸಿಕೊಳ್ಳುತ್ತ.

ಹಾಗಾದರೆ ಆ ಸುತ್ತು ಎಲ್ಲಿಂದ, ಅಂದೆ.
ಗೊತ್ತಿಲ್ಲ.
ಎಷ್ಟು ಹಗುರಾಗಿ ಬಂತು ಆ ಮಾತು,
ಭಾರವನ್ನು ನೆಲ ಮುಟ್ಟಿಸಿ ಕೊಕ್ಕೆ ಬಿಚ್ಚಿದ ಹಾಗೆ.

ಎರಡೇ ಪುಟದ ಲೇಖನ. ಟೈಪು ಮಾಡಿದವಳು ನಾನು.
'ನಮ್ಮ ಹಿಂದಿನ ತೀರ್ಮಾನ ಪೂರ್ತಿ ಸರಿಯಲ್ಲ.'
ಪೂರ್ತಿ ಎಂಬುದನ್ನು ನಾನೇ ಸೇರಿಸಿದ್ದೆ,
ಕೇಳದೆ.
ಅವರು ಪೆನ್ಸಿಲ್ಲಿನಿಂದ ಅದೊಂದನ್ನೇ ಹೊಡೆದು
ಕಾಗದ ವಾಪಸು ಕೊಟ್ಟರು.